ಇಂಟರ್ವಲ್‌ಗೆ ಮುಂಚೆ

ಸೂಪರ್‌ಹೀರೋ ಚಿತ್ರದ ಕಥೆ ಕೇಳುತ್ತಿದ್ದ ನಿರ್ಮಾಪಕರು ವಿಲನ್ ಬಂದ ಕೂಡಲೇ ನೆಟ್ಟಗೆ ಕೂತರು. ಮುಚ್ಚಿಹೋದ ಕೆರೆಯ ನೀರನ್ನು ಬರೀ ಕೈಸನ್ನೆಯಿಂದ ಮೇಲೆಬ್ಬಿಸಿ, ಅದರ ಮೇಲೆ ಕಟ್ಟಿದ ಬಡಾವಣೆಯನ್ನು ಮುಳುಗಿಸಲು ಹೊರಟವನು ಆ ವಿಲನ್.

“ಇವನು ಹೇಳೋದೆಲ್ಲ ಸರಿಯಾಗೇ ಇದೆಯಲ್ರೀ!”

“ಅದಕ್ಕೇ ಸರ್ ಅವನು ಒಳ್ಳೇ ವಿಲನ್,” ಎಂದ ಕಥೆಗಾರ.

“ಎಲ್ಲಿ ಸಿಕ್ಕಿದ ನಿಮಗೆ?”

“ನೀವು ಮಾಡಿಸ್ತಿರೋ ಲೇಔಟ್ ಗೇಟಿನ ಮುಂದೆ ಕೆರೆ ಉಳಿಸಿ ಅಂತ ಧರಣಿ ಕೂತಿದ್ದಾರಲ್ಲ ಸರ್, ಆ ಮೇಷ್ಟ್ರು. ಅವರನ್ನ ನೋಡೇ ಬರೆದೆ.”

ನಿರ್ಮಾಪಕರು ನಗಲಿಲ್ಲ. “ಜನ ಇವನಿಗೇ ಶಿಳ್ಳೆ ಹೊಡೆದ್ರೆ ಹೀರೋ ಗತಿ ಏನು?”

“ಅದಕ್ಕೆ ನಮ್ಮಲ್ಲೊಂದು ಹಳೇ ಉಪಾಯ ಇದೆ ಸರ್. ಇಂಟರ್ವಲ್‌ಗೆ ಮುಂಚೆ ಅವನ ಕೈಲಿ ಒಂದು ಮಗುವಿಗೆ ಏನಾದ್ರೂ ಮಾಡಿಸಿಬಿಡೋದು. ಆಮೇಲೆ ಅವನು ಎಷ್ಟೇ ನಿಜ ಹೇಳಲಿ, ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.”

ನಿರ್ಮಾಪಕರು ಫೋನ್ ಎತ್ತಿಕೊಂಡು ಪೊಲೀಸ್ ಠಾಣೆಗೆ ಕರೆ ಮಾಡಿದರು.

“ಇನ್ಸ್‌ಪೆಕ್ಟರೇ, ಆ ಧರಣಿ ಮೇಷ್ಟ್ರ ಮನೆಗೆ ಟ್ಯೂಷನ್‌ಗೆ ಅಂತ ಮಕ್ಕಳು ಬರ್ತಾವಲ್ಲ, ಅದರಲ್ಲಿ ಒಂದು ಮಗು ಕೈಲಿ ಅವರ ಮೇಲೆ ಕಂಪ್ಲೇಂಟ್ ಕೊಡಿಸ್ಬೋದಾ?”