ಏಳನೇ ವಾರ್ಡಿನ ಹಾಜರಿ

ಹೊಸಹೊಳಿ ಪುರಸಭೆಯ ಇತಿಹಾಸದಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆದಿಡಬೇಕಾದ ಸಂಗತಿಯೊಂದು ಮೊನ್ನೆ ನಡೆಯಿತು: ಏಳನೇ ವಾರ್ಡಿನ ಸದಸ್ಯೆ ನೀಲವ್ವ ಮಟ್ಟಿ ಸಾಮಾನ್ಯ ಸಭೆಗೆ ಖುದ್ದಾಗಿ ಬಂದರು.

ಬಂದರೆ ಕುರ್ಚಿ ಖಾಲಿ ಇರಲಿಲ್ಲ. ಎಲ್ಲ ಸದಸ್ಯರಿಗೂ ಇರುವಂತೆ ಅವರಿಗೂ ಇದ್ದ ಯಂತ್ರದ ಪಡಿಯಚ್ಚು, ಥೇಟ್ ಅವರಂತೆಯೇ ಇಳಕಲ್ ಸೀರೆ ಉಟ್ಟು, ಮುಂದಿಟ್ಟ ಚಹಾ ಮುಟ್ಟದೆ, ನೆಟ್ಟಗೆ ಕೂತಿತ್ತು. ಎರಡನೇ ವರ್ಷದಿಂದ ಸಭೆಗೆ ಅದನ್ನು ಕಳಿಸಿ ನೀಲವ್ವ ವಾರ್ಡಿನ ಮದುವೆ, ಸೀಮಂತಗಳಿಗೆ ತಾವೇ ಹೋಗುತ್ತಿದ್ದರು. ಮದುವೆಗೆ ಯಂತ್ರ ಕಳಿಸಿದವರಿಗೆ ಜನ ವೋಟು ಹಾಕುವುದಿಲ್ಲ.

ಅವತ್ತಿನ ವಿಷಯ ಮಾತ್ರ ಬೇರೆ ಇತ್ತು. ವಾರ್ಡಿನ ಹೆಂಗಸರಿಗಿದ್ದ ಒಂದೇ ಒಂದು ಶೌಚಾಲಯ ಕೆಡವಿ, ಅಲ್ಲಿ ಸ್ವಾಗತ ಕಮಾನು ಕಟ್ಟುವುದು.

“ಏಳವ್ವಾ, ನಾನೇ ಬಂದೀನಿ,” ಎಂದು ನೀಲವ್ವ ಅದರ ಭುಜ ತಟ್ಟಿದರು. ಅದು ವಿನಯದಿಂದ ಕೈಮುಗಿದು ಅಲ್ಲೇ ಕೂತಿತು.

“ಅಕ್ಕಾರ, ಅದರ ಹಾಜರಿ ಆಗೇತ್ರಿ,” ಎಂದರು ಮುಖ್ಯಾಧಿಕಾರಿ. “ಒಂದು ವಾರ್ಡಿಗೆ ಒಂದೇ ಹಾಜರಿ. ನೀವು ಹಿಂದ ಬಾಕಿನ ಮ್ಯಾಲೆ ಕುಂದರ್ರಿ.”

“ಹಂಗಾದ್ರ ಅದಕ್ಕ ಬ್ಯಾಡ ಅನ್ನಾಕ ಹೇಳ್ರಿ!”

“ಅದು ನಿಮ್ಮನ್ನ ನೋಡೇ ಕಲ್ತದ್ದು. ಮೊದಲನೇ ವರ್ಷ ನೀವು ಬಂದಾಗೆಲ್ಲ ಎಲ್ಲಾದಕ್ಕೂ ಹೂಂ ಅಂದ್ರಿ. ಬ್ಯಾಡ ಅನ್ನೋದು ಅದಕ್ಕ ಹೆಂಗ ಗೊತ್ತಾಗಬೇಕ್ರಿ?”

ನೀಲವ್ವ ಹಿಂದಿನ ಬೆಂಚಿನ ಮೇಲೆ ಎದ್ದು ನಿಂತು “ಬ್ಯಾಡ! ಬ್ಯಾಡ!” ಎಂದು ಕೂಗಿದರು. ಪಡಿಯಚ್ಚು ಕೈ ಎತ್ತಿ, ಅವರದೇ ದನಿಯಲ್ಲಿ, “ನನ್ನ ಒಪ್ಪಿಗಿ ಐತ್ರಿ,” ಎಂದಿತು.

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಏಳನೇ ವಾರ್ಡಿನ ಹೆಂಗಸರು ಈಗ ಹಳ್ಳದ ಕಡೆ ಹೋಗುತ್ತಾರೆ.