ಬಟ್ಟಲಿನ ಅಂಚು

ಚರ್ಚಿನಲ್ಲಿ ಕರ್ತನ ಭೋಜನದ ಬಟ್ಟಲಿನಿಂದ ಒಂದು ಗುಟುಕು ದ್ರಾಕ್ಷಾರಸ ಕುಡಿದು, ಊರಾಚೆಯ ಕೇರಿಯ ಮುದುಕ ಚಿತ್ತಪ್ಪ ಅದನ್ನು ಪಕ್ಕದಲ್ಲಿ ಮಂಡಿಯೂರಿದ್ದ ಗೌಡರ ಮನೆಯ ಸೂರಪ್ಪನಿಗೆ ದಾಟಿಸಿದ. ಸೂರಪ್ಪನ ಕೈ ತಾನಾಗಿ ಹೆಗಲ ಮೇಲಿನ ವಲ್ಲಿಗೆ ಹೋಗಿ ಬಟ್ಟಲಿನ ಅಂಚನ್ನು ಒರೆಸಿಬಿಟ್ಟಿತು.

ಚಳ್ಳಕೆರೆ ಕಡೆಯ ಸಭೆಯಲ್ಲಿ ಜಾತಿಗೊಂದು ಬಟ್ಟಲು ಇಟ್ಟಿದ್ದನ್ನು ಕಂಡು, "ಇದು ಸತ್ಯವೇದದಾಗೆ ಎಲ್ಲೈತೆ ತೋರ್ಸ್ರಿ" ಎಂದು ಪಾದ್ರಿಯೊಡನೆ ಜಗಳವಾಡಿ, ಒಂದೇ ಬಟ್ಟಲಿನ ಈ ಮೊಳಕಾಲ್ಮುರು ಸಭೆಯೇ ಸರಿಯೆಂದು ಗಾಡಿ ಕಟ್ಟಿಕೊಂಡು ಬಂದವನು ಇದೇ ಸೂರಪ್ಪ. ಬಂದ ದಿನವೇ ಚಿತ್ತಪ್ಪನಿಗೆ, "ಸ್ವಾಮಿ ಅನ್ಬ್ಯಾಡಜ್ಜ, ತಮ್ಮ ಅನ್ನು" ಎಂದಿದ್ದ. ಅಜ್ಜ ಕಷ್ಟಪಟ್ಟು ಅದನ್ನು ರೂಢಿ ಮಾಡಿಕೊಂಡಿದ್ದ.

ಸೂರಪ್ಪನ ಕಿವಿ ಬಿಸಿಯಾಯಿತು. ಯಾರೂ ನೋಡಿರಲಿಕ್ಕಿಲ್ಲ ಅಂದುಕೊಂಡು ಬಟ್ಟಲನ್ನು ತುಟಿಗೆತ್ತಿದ.

ಮುದುಕ ಅವನತ್ತ ಬಾಗಿ ಪಿಸುಗುಟ್ಟಿದ: "ತಪ್ಪಾತು ಸ್ವಾಮಿ. ನಾನೇ ಒರ್ಸಿ ಕೊಡ್ಬೇಕಾಗಿತ್ತು."