ಹೊಟ್ಟೆ ತುಂಬಿದ ಇರುವೆಗಳು

ಗಂಡ ವಾಗೀಶನನ್ನು ಮಣ್ಣು ಮಾಡಿ ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಿಗ್ಗೆ, ಸುಕನ್ಯಾ ಎಂದಿನಂತೆ ಬೆರಳು ಚುಚ್ಚಿ ಇರುವೆ ಡಬ್ಬಿಯೊಳಗೆ ಒಂದು ಹನಿ ರಕ್ತ ಬೀಳಿಸಿದಳು. ಊರಿನ ಎಲ್ಲ ಮನೆಗಳ ಪದ್ಧತಿ ಅದು. ರಕ್ತದಲ್ಲಿ ಸಕ್ಕರೆ ಏರಿದ್ದರೆ ಇರುವೆಗಳು ಮುತ್ತುತ್ತವೆ, ಇಲ್ಲದಿದ್ದರೆ ಮೂಸಿ ಹಿಂದಿರುಗುತ್ತವೆ. ಇವು ಮೂಸಲೂ ಇಲ್ಲ. ಜೇನು ಹಾಕಿದಳು, ಅದಕ್ಕೂ ಕದಲಲಿಲ್ಲ. ಆಗ ಡಬ್ಬಿಯ ಮೂಲೆಯಲ್ಲಿ ಬೆಲ್ಲದ ಚೂರು ಕಾಣಿಸಿತು.

ತಮ್ಮ ಮನೆಯ ಇರುವೆಗಳಿಗೆ ವಯಸ್ಸಾಯಿತೆಂದು ವಾಗೀಶ ಪಕ್ಕದ ಮನೆಯ ದಾಕ್ಷಾಯಣಮ್ಮನ ಡಬ್ಬಿಯನ್ನು ಎರವಲು ತಂದಿದ್ದ. "ನೋಡೇ, ನನ್ನ ರಕ್ತದ ಹತ್ರಾನೂ ಸುಳಿಯಲ್ಲ" ಎಂದು ದಿನವೂ ಅವಳಿಗೆ ತೋರಿಸುತ್ತಿದ್ದ. ಸಕ್ಕರೆ ಕಾಯಿಲೆಯಲ್ಲೇ ಹೋದ.

ಡಬ್ಬಿ ವಾಪಸು ಕೊಡಲು ಹೋದಾಗ ದಾಕ್ಷಾಯಣಮ್ಮ ಒಳಗೆ ಇಣುಕಿ, "ಎಷ್ಟು ದಪ್ಪ ಆಗ್ಯಾವೆ ನೋಡವ್ವ! ಅಳಿಯಂದಿರನ್ನ ಸಾಕಿದಂಗೆ ಸಾಕ್ಯಾನೆ ನಿನ್ ಗಂಡ" ಎನ್ನುತ್ತ ಸೂಜಿ ಕೈಗೆತ್ತಿಕೊಂಡರು. "ಈಚೆಗೆ ನಂಗೂ ಕಾಲು ಉರಿ. ಇವು ಏನಂತಾವೋ ನೋಡಣ."

ಸುಮ್ಮನಿದ್ದರೆ ಸತ್ತವನ ಮಾನ ಉಳಿಯುತ್ತಿತ್ತು.

"ಬ್ಯಾಡ ದೊಡ್ಡಮ್ಮ," ಎಂದಳು ಸುಕನ್ಯಾ. "ಅವ್ರು ಇವಕ್ಕೆ ದಿನಾ ಮೊದ್ಲೇ ಬೆಲ್ಲ ತಿನ್ನಿಸ್ತಿದ್ರು. ಹಸಿವಾಗೋವರೆಗೂ ಇವನ್ನ ನಂಬಬ್ಯಾಡ್ರಿ."

"ಅದ್ಯಾಕವ್ವ ಹಂಗೆ?"

"ನಾನು ಹೆದರ್ತೀನಿ ಅಂತ," ಎಂದು ಡಬ್ಬಿಯನ್ನು ಅವರ ಮಡಿಲಲ್ಲಿಟ್ಟಳು.